ಪಾಂಟೂನ್ ದೋಣಿಯ ಪುನರ್ನಿರ್ಮಾಣ: ತೂಕ ಮತ್ತು ಸ್ಥಿರತೆಯ ವಿಚಾರ

ಹಳೆಯ ದೋಣಿಯೊಂದನ್ನು ಬಿಚ್ಚಿ, ತನ್ನ ಇಷ್ಟದಂತೆ ಮಾರ್ಪಡಿಸಿ, ಮನೆಯ ಅಂಗಳದಲ್ಲಿಯೇ ಹೊಸದಾಗಿ ಕಟ್ಟಿಕೊಳ್ಳುವುದು ಅಮೆರಿಕ ಮತ್ತು ಕೆನಡ ದೇಶಗಳ ಸರೋವರ ಪ್ರಾಂತಗಳಲ್ಲಿ ಬಹು ಜನರಿಗೆ ಪ್ರಿಯವಾದ ಹವ್ಯಾಸ. ಈ ಕೆಲಸಕ್ಕೆ ಅವರು ಹೆಚ್ಚಾಗಿ ಆರಿಸಿಕೊಳ್ಳುವುದು ಪಾಂಟೂನ್ ದೋಣಿಯನ್ನು. ಗಾಳಿ ತುಂಬಿದ ಎರಡು ಉದ್ದನೆಯ ಲೋಹದ ಕೊಳವೆಗಳು, ಅವುಗಳ ಮೇಲೆ ಅಡ್ಡತೊಲೆಗಳು, ತೊಲೆಗಳ ಮೇಲೆ ಹಲಗೆಯ ಹಾಸು, ಹಿಂಬದಿಯಲ್ಲಿ ಒಂದು ಯಂತ್ರ: ಇಷ್ಟೇ ಅದರ ಅಂಗಗಳು. ರಚನೆಯು ಸರಳವಾಗಿರುವುದರಿಂದ ಬಡಗಿಯ ಕೆಲಸ ಬಲ್ಲ ಯಾರಾದರೂ ಅದಕ್ಕೆ ಕೈಹಾಕಬಹುದೆಂದು ತೋರುತ್ತದೆ. ಆದರೆ ಆ ಸರಳತೆಯ ಹಿಂದೆ ಇರುವ ಭೌತಶಾಸ್ತ್ರದ ನಿಯಮವನ್ನು ಮರೆತರೆ ಪ್ರಾಣಹಾನಿಯಾಗುವ ಸಂಭವವುಂಟು. ಆ ನಿಯಮವನ್ನು, ಅದರ ಲೆಕ್ಕವನ್ನು ಮತ್ತು ಕಾಲೇಜಿನ ಪ್ರಯೋಗಶಾಲೆಯಲ್ಲಿ ಅದನ್ನು ಪರೀಕ್ಷಿಸಬಹುದಾದ ಬಗೆಯನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

೧. ಪೂರ್ವಚರಿತ್ರೆ

ಎರಡು ತೇಲುವ ವಸ್ತುಗಳನ್ನು ಜೋಡಿಸಿ ಅವುಗಳ ಮೇಲೆ ಸಮತಲವಾದ ಹಾಸನ್ನು ಕಟ್ಟುವ ಉಪಾಯವು ಬಹು ಪ್ರಾಚೀನವಾದುದು. ಕ್ರಿ. ಶ. ಒಂದನೆಯ ಶತಮಾನದ ಗ್ರೀಕ್ ಗ್ರಂಥವಾದ 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್' ಭಾರತದ ಪೂರ್ವ ಕರಾವಳಿಯಲ್ಲಿ ದೊಡ್ಡ ದಿಮ್ಮಿಗಳನ್ನು ಒಂದಕ್ಕೊಂದು ಬಿಗಿದು ಮಾಡಿದ 'ಸಂಗರ' ಎಂಬ ನಾವೆಗಳನ್ನು ಹೆಸರಿಸುತ್ತದೆ. ನಮ್ಮ ನದಿಗಳಿಗೆ ಸೇತುವೆಗಳಿಲ್ಲದಿದ್ದ ಕಾಲದಲ್ಲಿ ಎರಡು ದೋಣಿಗಳನ್ನು ಜೋಡಿಸಿ, ಹಲಗೆ ಹಾಸಿ, ಗಾಡಿ ಎತ್ತುಗಳನ್ನು ದಾಟಿಸುತ್ತಿದ್ದ ಜೋಡುದೋಣಿಯೂ ಇದೇ ತತ್ತ್ವವನ್ನು ಅನುಸರಿಸಿದ್ದು. ಇಂದಿನ ವಿಹಾರದೋಣಿಯ ಮೂಲಪುರುಷನೆಂದು ಸಾಮಾನ್ಯವಾಗಿ ಹೆಸರಿಸಲ್ಪಡುವವನು ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಆಂಬ್ರೋಸ್ ವೀರಿಸ್ ಎಂಬ ರೈತ. ಈತನು ೧೯೫೨ರ ಸುಮಾರಿನಲ್ಲಿ ಉಕ್ಕಿನ ಪೀಪಾಯಿಗಳನ್ನು ಸಾಲಾಗಿ ಬೆಸೆದು, ಅಂಥ ಎರಡು ಸಾಲುಗಳ ಮೇಲೆ ಮರದ ಹಾಸನ್ನು ಕೂರಿಸಿ ಸರೋವರದಲ್ಲಿ ತೇಲಿಸಿದನು. ಮುಂದೆ ಉಕ್ಕಿನ ಸ್ಥಾನವನ್ನು ಅಲ್ಯುಮಿನಿಯಂ ಆಕ್ರಮಿಸಿತು; ತತ್ತ್ವವು ಮಾತ್ರ ಬದಲಾಗಲಿಲ್ಲ.

೨. ತೇಲುವಿಕೆಯ ಲೆಕ್ಕ

ತೇಲುವ ವಸ್ತುವು ತನ್ನ ತೂಕಕ್ಕೆ ಸಮನಾದ ತೂಕದ ನೀರನ್ನು ಸ್ಥಾನಪಲ್ಲಟಗೊಳಿಸುತ್ತದೆ ಎಂಬುದು ಆರ್ಕಿಮಿಡೀಸನ ತತ್ತ್ವ. ಉದಾಹರಣೆಗೆ, ೬ ಮೀಟರ್ ಉದ್ದ, ೬೦ ಸೆಂ. ಮೀ. ವ್ಯಾಸವುಳ್ಳ ಎರಡು ಕೊಳವೆಗಳ ದೋಣಿಯೊಂದನ್ನು ಕಲ್ಪಿಸಿಕೊಳ್ಳೋಣ. ಎರಡೂ ತುದಿಗಳು ಚಪ್ಪಟೆಯಾಗಿವೆಯೆಂದು ಭಾವಿಸಿದರೆ ಒಂದು ಕೊಳವೆಯ ಗಾತ್ರ ಸುಮಾರು ೧.೭ ಘನ ಮೀಟರ್. ಸಿಹಿನೀರಿನಲ್ಲಿ ಅದು ಪೂರ್ಣವಾಗಿ ಮುಳುಗುವವರೆಗೆ ಹೊರಬಲ್ಲ ಭಾರ ೧,೬೯೬ ಕಿಲೋಗ್ರಾಂ. ಎರಡಕ್ಕೂ ಸೇರಿ ೩,೩೯೨ ಕಿಲೋಗ್ರಾಂ. ಈ ಸಂಖ್ಯೆಯನ್ನು ಕಂಡು 'ನನ್ನ ದೋಣಿ ಮೂರು ಟನ್ನಿಗಿಂತ ಹೆಚ್ಚು ಹೊರಬಲ್ಲುದು' ಎಂದು ಹಿಗ್ಗುವುದೇ ಮೊದಲನೆಯ ತಪ್ಪು. ಅಷ್ಟು ಭಾರ ಹೊತ್ತ ದೋಣಿಯ ಕೊಳವೆಗಳು ನೀರಿನ ಮಟ್ಟಕ್ಕೆ ಮುಳುಗಿರುತ್ತವೆ. ಒಂದು ಕಡೆಗೆ ವಾಲಿದಾಗ ಅದನ್ನು ಎತ್ತಿ ಹಿಡಿಯಲು ಉಳಿದ ತೇಲುಬಲ ಯಾವುದೂ ಇರುವುದಿಲ್ಲ. ಮುಳುಗದೆ ಉಳಿದಿರುವ ಭಾಗವೇ ದೋಣಿಯ ಆಪದ್ಧನ. ಆದಕಾರಣ ಪೂರ್ಣ ಭಾರವನ್ನು ಹೊತ್ತಾಗಲೂ ಕೊಳವೆಗಳು ಸುಮಾರು ಅರ್ಧದಷ್ಟೇ ಮುಳುಗಿರುವಂತೆ ನೋಡಿಕೊಳ್ಳುವುದು ಯುಕ್ತ.

೩. ಸ್ಥಿರತೆ ಎಲ್ಲಿಂದ ಬರುತ್ತದೆ?

ಜೋಡುಕೊಳವೆಯ ದೋಣಿಯು ನೆಲದಂತೆ ಅಲುಗಾಡದೆ ನಿಲ್ಲುತ್ತದೆಂಬುದು ಅದನ್ನು ಏರಿದವರೆಲ್ಲರ ಅನುಭವ. ಕೊಳವೆಗಳು ಒಂದರಿಂದ ಒಂದು ದೂರದಲ್ಲಿರುವುದೇ ಇದಕ್ಕೆ ಕಾರಣ. ದೋಣಿಯು ಎಡಕ್ಕೆ ವಾಲಿತೆನ್ನೋಣ. ಎಡಗೊಳವೆಯು ಹೆಚ್ಚು ಮುಳುಗಿ ಹೆಚ್ಚು ಬಲದಿಂದ ಮೇಲಕ್ಕೆ ಒತ್ತುತ್ತದೆ. ಬಲಗೊಳವೆಯು ಮೇಲೆದ್ದು ಅದರ ಒತ್ತಡ ಕಡಿಮೆಯಾಗುತ್ತದೆ. ಈ ಎರಡು ಬಲಗಳ ವ್ಯತ್ಯಾಸವೇ ದೋಣಿಯನ್ನು ಮತ್ತೆ ನೆಟ್ಟಗೆ ಮಾಡುತ್ತದೆ. ಕೊಳವೆಗಳ ನಡುವಣ ಅಂತರ ಹೆಚ್ಚಿದಷ್ಟೂ ಈ ಪುನಃಸ್ಥಾಪಕ ಸಾಮರ್ಥ್ಯ ಹೆಚ್ಚು.

ಆದರೆ ಈ ಸ್ಥಿರತೆಗೆ ಒಂದು ಗಡಿಯುಂಟು. ಎಡಗೊಳವೆಯು ಪೂರ್ತಿಯಾಗಿ ಮುಳುಗಿದ ಕ್ಷಣದಿಂದ ಅದರ ತೇಲುಬಲವು ಮತ್ತಷ್ಟು ಹೆಚ್ಚಲಾರದು. ಅಲ್ಲಿಯವರೆಗೆ ದೃಢವಾಗಿ ನಿಂತಿದ್ದ ದೋಣಿ ಅಲ್ಲಿಂದ ಮುಂದೆ ಹೆಚ್ಚಿನ ಮುನ್ಸೂಚನೆಯಿಲ್ಲದೆ ಮಗುಚಿಕೊಳ್ಳಬಹುದು. ಸಣ್ಣ ಹರಿಗೋಲು ಅಲುಗಾಡುತ್ತಲೇ ಇದ್ದು ಪ್ರಯಾಣಿಕನನ್ನು ಎಚ್ಚರದಲ್ಲಿಡುತ್ತದೆ. ಜೋಡುಕೊಳವೆಯ ದೋಣಿ ಕೊನೆಯ ಘಳಿಗೆಯವರೆಗೆ ಅವನಲ್ಲಿ ವಿಶ್ವಾಸವನ್ನು ಹುಟ್ಟಿಸುತ್ತದೆ. ಇದೇ ಅದರ ಗುಣ, ಇದೇ ಅದರ ದೋಷ.

೪. ಒಂದು ಮಾರ್ಪಾಟಿನ ಪರಿಣಾಮ

ಈಗ ಮೇಲಿನ ದೋಣಿಯನ್ನೇ ತೆಗೆದುಕೊಳ್ಳೋಣ. ಕೊಳವೆಗಳ ಮಧ್ಯರೇಖೆಗಳ ಅಂತರ ೧.೮ ಮೀಟರ್ ಎಂದಿರಲಿ. ಕೊಳವೆ, ತೊಲೆ, ಹಾಸು, ಆಸನ, ಯಂತ್ರ, ಇಂಧನ ಎಲ್ಲ ಸೇರಿ ೧,೦೫೦ ಕಿ. ಗ್ರಾಂ.; ತಲೆಗೆ ೭೦ ಕಿ. ಗ್ರಾಂ.ನಂತೆ ಒಂಬತ್ತು ಜನರ ತೂಕ ೬೩೦, ಒಟ್ಟು ೧,೬೮೦. ಎಂದರೆ ಕೊಳವೆಗಳು ಸರಿಸುಮಾರು ಅರ್ಧ ಮುಳುಗಿವೆ. ಒಂಬತ್ತು ಮಂದಿಯೂ ದಡದ ಮೇಲಿನ ಏನನ್ನೋ ನೋಡಲು ಮಧ್ಯದಿಂದ ಒಂದು ಮೀಟರ್ ಪಕ್ಕಕ್ಕೆ ಸರಿದರೆ, ಆ ಪಕ್ಕದ ಕೊಳವೆಯ ಮೇಲೆ ಬೀಳುವ ಭಾರ, ಸ್ಥೂಲವಾಗಿ, ಒಟ್ಟು ತೂಕದ ಅರ್ಧವಾದ ೮೪೦ಕ್ಕೆ ೬೩೦ನ್ನು ೧.೮ರಿಂದ ಭಾಗಿಸಿ ಬಂದ ೩೫೦ನ್ನು ಕೂಡಿಸಿದಷ್ಟು, ಅಂದರೆ ೧,೧೯೦ ಕಿ. ಗ್ರಾಂ. ಕೊಳವೆಯ ಸಾಮರ್ಥ್ಯ ೧,೬೯೬. ಇನ್ನೂ ೫೦೦ ಕಿ. ಗ್ರಾಂ.ಗೂ ಮಿಕ್ಕ ಉಳಿತಾಯವಿದೆ. ದೋಣಿ ವಾಲುತ್ತದೆ, ಮಗುಚುವುದಿಲ್ಲ.

ಮನೆಯ ಯಜಮಾನನು ಇದೇ ದೋಣಿಗೆ ೬೦೦ ಕಿ. ಗ್ರಾಂ. ತೂಕದ ಮೇಲಂತಸ್ತನ್ನೂ ಚಾವಣಿಯನ್ನೂ ಕಟ್ಟಿ, ಸ್ಥಳ ಹೆಚ್ಚಿತೆಂದು ಹನ್ನೆರಡು ಜನರನ್ನು ಹತ್ತಿಸಿದನೆನ್ನೋಣ. ಒಟ್ಟು ತೂಕ ೨,೪೯೦ ಕಿ. ಗ್ರಾಂ. ಶಾಂತವಾದ ನೀರಿನಲ್ಲಿ ದೋಣಿಯು ತೇಲುತ್ತಲೇ ಇರುತ್ತದೆ. ಕೊಳವೆಗಳ ಕಾಲುಭಾಗಕ್ಕಿಂತ ಹೆಚ್ಚು ಗಾತ್ರ ನೀರಿನ ಮೇಲೆಯೇ ಕಾಣುತ್ತದೆ. ಈಗ ಹನ್ನೆರಡು ಜನರೂ ಒಂದು ಮೀಟರ್ ಪಕ್ಕಕ್ಕೆ ಸರಿದರೆ ಆ ಕೊಳವೆಯ ಪಾಲಿನ ಭಾರ ೧,೨೪೫ಕ್ಕೆ ೪೬೭ ಕೂಡಿ ೧,೭೧೨ ಕಿ. ಗ್ರಾಂ. ಆಯಿತು. ಇದು ಸಾಮರ್ಥ್ಯವನ್ನು ಮೀರಿದ ಭಾರ. ಕೊಳವೆಯು ಮುಳುಗಿತು.

ಈ ಲೆಕ್ಕದಲ್ಲಿ ಇನ್ನೊಂದು ಅಂಶವನ್ನು ನಾವು ಬಿಟ್ಟಿದ್ದೇವೆ. ಮೇಲಂತಸ್ತಿನಿಂದ ಗುರುತ್ವಕೇಂದ್ರವು ಮೇಲೇರುತ್ತದೆ. ಅದು ಕೊಳವೆಗಳಿಗಿಂತ ೧.೫ ಮೀಟರ್ ಎತ್ತರದಲ್ಲಿದ್ದು, ದೋಣಿ ೧೦ ಡಿಗ್ರಿ ವಾಲಿದರೆ, ಕೇಂದ್ರವು ತಾನಾಗಿಯೇ ೨೬ ಸೆಂ. ಮೀ. ತಗ್ಗಿದ ಕಡೆಗೆ ಸರಿಯುತ್ತದೆ. ಜನರು ಸರಿದುದಕ್ಕೆ ದೋಣಿಯ ತೂಕವೂ ಹೀಗೆ ಒತ್ತಾಸೆಯಾಗಿ ನಿಲ್ಲುತ್ತದೆ. ಎತ್ತರವಾದ ಚಾವಣಿಯು ಗಾಳಿಗೆ ಹಾಯಿಯಂತೆ ಎದೆಯೊಡ್ಡುವುದು ಬೇರೆ. ಇಂಥ ದೋಣಿಗೆ ನಡುವೆ ಮೂರನೆಯ ಕೊಳವೆಯನ್ನು ಸೇರಿಸುವುದು ಒಂದು ಪರಿಹಾರವೆನಿಸಿದೆ. ಅದರಿಂದ ದೋಣಿಯು ಮೇಲೆದ್ದು ಹೊರಗೊಳವೆಗಳ ಉಳಿತಾಯ ಹೆಚ್ಚುವುದು ನಿಜ. ಆದರೆ ಮಧ್ಯದ ಕೊಳವೆಗೆ ಸನ್ನೆಯ ತೋಳಿಲ್ಲದಿರುವುದರಿಂದ ಅದು ವಾಲುವಿಕೆಯನ್ನು ನೇರವಾಗಿ ಎದುರಿಸುವುದು ಅತ್ಯಲ್ಪವೆಂಬುದನ್ನು ಮರೆಯಬಾರದು.

೫. ಎರಡು ದುರಂತಗಳು

ಇದು ಕೇವಲ ಕಾಗದದ ಮೇಲಣ ಲೆಕ್ಕವಲ್ಲ. ೨೦೦೪ರ ಮಾರ್ಚ್ ೬ರಂದು ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ 'ಲೇಡಿ ಡಿ' ಎಂಬ ಪಾಂಟೂನ್ ದೋಣಿಯು ೨೫ ಜನರನ್ನು ಹೊತ್ತು ಸಾಗುತ್ತಿರುವಾಗ ಬಿರುಗಾಳಿಗೆ ಸಿಕ್ಕಿ ಮಗುಚಿ, ಐವರು ಮಡಿದರು. ಆ ದೋಣಿಗೆ ಅನುಮತಿಯಿದ್ದುದೂ ೨೫ ಜನರಿಗೇ! ಆ ದೇಶದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯ ತನಿಖೆಯಲ್ಲಿ, ಬೇರೆ ರಚನೆಯ ಮತ್ತೊಂದು ದೋಣಿಯನ್ನು ಇದರ ಸೋದರಿಯೆಂದು ಭಾವಿಸಿ ಅದರ ಮಿತಿಯನ್ನು ಇದಕ್ಕೆ ಅನ್ವಯಿಸಲಾಗಿತ್ತೆಂದು ತಿಳಿದುಬಂತು. ಸ್ಥಿರತೆಯ ಲೆಕ್ಕದಲ್ಲಿ ಒಬ್ಬ ಪ್ರಯಾಣಿಕನ ತೂಕವನ್ನು ಹಳೆಯ ರೂಢಿಯಂತೆ ೧೪೦ ಪೌಂಡು, ಅಂದರೆ ಸುಮಾರು ೬೩.೫ ಕಿ. ಗ್ರಾಂ. ಎಂದು ಇಟ್ಟುಕೊಂಡಿದ್ದರು, ಹತ್ತಿದವರ ನಿಜವಾದ ಸರಾಸರಿ ಅದಕ್ಕಿಂತ ಬಹಳ ಹೆಚ್ಚಾಗಿತ್ತು. ೨೦೧೧ರಲ್ಲಿ ಅಲ್ಲಿಯ ಕರಾವಳಿ ರಕ್ಷಣಾ ಪಡೆಯು ಈ ಅಂಕಿಯನ್ನು ೧೮೫ ಪೌಂಡುಗಳಿಗೆ, ಎಂದರೆ ಸುಮಾರು ೮೪ ಕಿ. ಗ್ರಾಂ.ಗೆ ಏರಿಸಿತು.

ನಮ್ಮ ನೆರೆಯ ಕೇರಳದ ತಾನೂರಿನಲ್ಲಿ ೨೦೨೩ರ ಮೇ ೭ರಂದು ಎರಡಂತಸ್ತಿನ ವಿಹಾರದೋಣಿಯೊಂದು ಮಗುಚಿ ೨೨ ಮಂದಿ ಜಲಸಮಾಧಿಯಾದರು. ಅದು ಪಾಂಟೂನ್ ದೋಣಿಯಲ್ಲ. ಮೀನುಗಾರಿಕೆಯ ದೋಣಿಯನ್ನು ವಿಹಾರಕ್ಕೆಂದು ಮಾರ್ಪಡಿಸಿದುದಾಗಿತ್ತು, ಮಿತಿ ಮೀರಿ ಜನರನ್ನು ಹತ್ತಿಸಲಾಗಿತ್ತು ಎಂಬ ಸಂಗತಿಗಳು ಪ್ರಕಟವಾದವು. ರಚನೆ ಬೇರೆಯಾದರೂ ನಿಯಮ ಒಂದೇ: ದೋಣಿಯ ಮೇಲುಭಾಗವನ್ನು ಬದಲಾಯಿಸಿದವನು ಅದರ ಸ್ಥಿರತೆಯನ್ನೂ ಬದಲಾಯಿಸಿದ್ದಾನೆ. ಹಳೆಯ ದೋಣಿಗೆ ಕೊಟ್ಟ ಮಿತಿ ಹೊಸದಕ್ಕೆ ಸಲ್ಲುವುದಿಲ್ಲ.

೬. ಕಟ್ಟುವಾಗ ಗಮನಿಸತಕ್ಕ ಅಂಶಗಳು

ಮೊದಲು ಕೊಳವೆಗಳ ಪರೀಕ್ಷೆ. ಗಾಳಿಯನ್ನು ತುಂಬಿ, ಬೆಸುಗೆಗಳಿಗೆ ಸಾಬೂನಿನ ನೀರನ್ನು ಬಳಿದು, ಗುಳ್ಳೆಗಳೇಳುವ ಸ್ಥಳಗಳನ್ನು ಗುರುತಿಸುವುದು ರೂಢಿ. ಒತ್ತಡವು ಅತ್ಯಲ್ಪವಾಗಿರಬೇಕು. ಚದರ ಸೆಂಟಿಮೀಟರಿಗೆ ೦.೧೪ ಕಿ. ಗ್ರಾಂ. ಒತ್ತಡದಲ್ಲಿಯೇ ೬೦ ಸೆಂ. ಮೀ. ವ್ಯಾಸದ ತುದಿಮುಚ್ಚಳದ ಮೇಲೆ ಬೀಳುವ ಬಲ ಸುಮಾರು ೪೦೦ ಕಿ. ಗ್ರಾಂ. ಒತ್ತಡವನ್ನು ೧ ಕಿ. ಗ್ರಾಂ.ಗೆ ಏರಿಸಿದರೆ ಈ ಬಲವು ೨,೮೦೦ ಕಿ. ಗ್ರಾಂ. ದಾಟಿ ಮುಚ್ಚಳವೇ ಸಿಡಿದು ಹೋದೀತು.

ಸಣ್ಣ ಸೋರಿಕೆಯನ್ನು ಅಲಕ್ಷಿಸಬಾರದು. ಕೊಳವೆಯೊಳಗೆ ಹತ್ತು ಸೆಂ. ಮೀ. ಆಳದ ನೀರು ನಿಂತರೆ ಅದರ ತೂಕ ಸುಮಾರು ೧೮೬ ಕಿ. ಗ್ರಾಂ.; ಅಲ್ಲದೆ ದೋಣಿಯು ಮುಂದಕ್ಕೆ ಬಾಗಿದರೆ ಅದೆಲ್ಲವೂ ಮುಂದಕ್ಕೆ ಹರಿದು ಬಾಗನ್ನು ಹೆಚ್ಚಿಸುತ್ತದೆ. ಕೊಳವೆಯನ್ನು ಒಳಗೋಡೆಗಳಿಂದ ಪ್ರತ್ಯೇಕ ಕೋಣೆಗಳಾಗಿ ವಿಭಾಗಿಸುವುದು ಇದಕ್ಕಾಗಿಯೇ.

ಅಲ್ಯುಮಿನಿಯಂ ಬೆಸುಗೆಯು ಅನುಭವಿಯ ಕೆಲಸ. ಲೋಹವು ೬೬೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿದರೂ ಅದರ ಮೇಲಿನ ಆಕ್ಸೈಡಿನ ಪೊರೆಯು ೨,೦೦೦ ಡಿಗ್ರಿಗೂ ಮೇಲೆ ಕರಗುತ್ತದೆ. ಆ ಪೊರೆಯನ್ನು ತೆಗೆಯದೆ ಮಾಡಿದ ಬೆಸುಗೆ ನಿಲ್ಲದು. ಮುಚ್ಚಿದ ಕೊಳವೆಯನ್ನು ಕಾಯಿಸುವಾಗ ಗಾಳಿಯ ದಾರಿಯನ್ನು ತೆರೆದಿಟ್ಟಿರಬೇಕು. ಹುಳು ಹಿಡಿಯದಂತೆ ತಾಮ್ರದ ಲವಣಗಳನ್ನು ಊಡಿಸಿದ ಪ್ಲೈವುಡ್ಡನ್ನು ಅಲ್ಯುಮಿನಿಯಮಿಗೆ ನೇರವಾಗಿ ತಾಗಿಸಿದರೆ, ತೇವದ ಸಹಾಯದಿಂದ ಲೋಹವು ಸವೆಯುತ್ತದೆ. ಹಾಸಿಗೆ ರತ್ನಗಂಬಳಿಯಂಥ ಹೊದಿಕೆ ಹಾಕಿದರೆ ಅದು ನೀರನ್ನು ಹಿಡಿದಿಟ್ಟು ಮರವನ್ನು ಕೊಳೆಸುವುದಲ್ಲದೆ ತೂಕವನ್ನೂ ಹೆಚ್ಚಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ತೂಕದ ಪಟ್ಟಿ. ಕಳಚಿದ ಪ್ರತಿಯೊಂದು ವಸ್ತುವನ್ನೂ ಸೇರಿಸುವ ಪ್ರತಿಯೊಂದು ವಸ್ತುವನ್ನೂ ತೂಗಿ, ಅದು ಮಧ್ಯರೇಖೆಯಿಂದ ಎಷ್ಟು ದೂರದಲ್ಲಿ, ಎಷ್ಟು ಎತ್ತರದಲ್ಲಿ ಇರುವುದೆಂದು ಬರೆದಿಡಬೇಕು. ಇಷ್ಟು ಮಾಡಿದವನಿಗೆ ಉಳಿದ ಲೆಕ್ಕವು ತಾನಾಗಿ ಒದಗುತ್ತದೆ. ಅಮೆರಿಕದಲ್ಲಿ ಜನ ಮತ್ತು ಭಾರದ ಮಿತಿಯನ್ನು ನಮೂದಿಸುವ ಫಲಕವನ್ನು ಕಡ್ಡಾಯಗೊಳಿಸಿದ ಕೇಂದ್ರ ನಿಯಮವು ೨೦ ಅಡಿಗಿಂತ ಚಿಕ್ಕದಾದ, ಒಂದೇ ಒಡಲಿನ ದೋಣಿಗಳಿಗೆ ಮಾತ್ರ ಅನ್ವಯಿಸುತ್ತದೆ. ಜೋಡುಕೊಳವೆಯ ದೋಣಿಯು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದುದರಿಂದ ಮನೆಯಲ್ಲಿ ಕಟ್ಟುವವನ ಹೊಣೆಯು ಮತ್ತಷ್ಟು ಹೆಚ್ಚಿನದು. ಕಟ್ಟಿ ಮುಗಿದ ಮೇಲೆ ದಡದ ಬಳಿ, ಆಳವಿಲ್ಲದ ನೀರಿನಲ್ಲಿ, ಜನರಿಗೆ ಬದಲಾಗಿ ನೀರು ತುಂಬಿದ ಪೀಪಾಯಿಗಳನ್ನು ಏರಿಸಿ, ಅವುಗಳನ್ನು ಒಂದು ಪಕ್ಕಕ್ಕೂ ಅನಂತರ ಮುಂಭಾಗಕ್ಕೂ ಸರಿಸಿ, ಕೊಳವೆಯು ಎಷ್ಟು ಉಳಿಯುತ್ತದೆಂದು ಅಳೆದು ನೋಡುವುದು ಅಗತ್ಯ.

೭. ತರಗತಿಯಲ್ಲಿ ಒಂದು ಪ್ರಯೋಗ

ಮೇಲಿನ ಲೆಕ್ಕವನ್ನು ಹತ್ತನೆಯ ಒಂದು ಪ್ರಮಾಣದ ಮಾದರಿಯಿಂದ ಯಾವ ಕಾಲೇಜಿನಲ್ಲಾದರೂ ತೋರಿಸಬಹುದು. ೬ ಸೆಂ. ಮೀ. ವ್ಯಾಸ, ೬೦ ಸೆಂ. ಮೀ. ಉದ್ದದ ಎರಡು ಪ್ಲಾಸ್ಟಿಕ್ ಕೊಳವೆಗಳ ತುದಿಗಳನ್ನು ಮುಚ್ಚಿ, ೧೮ ಸೆಂ. ಮೀ. ಅಂತರದಲ್ಲಿ ಒಂದು ಹಲಗೆಗೆ ಬಿಗಿಯಬೇಕು. ಉದ್ದಗಳು ಹತ್ತನೆಯ ಒಂದಾದರೆ ಗಾತ್ರವೂ ತೂಕವೂ ಸಾವಿರದ ಒಂದಾಗುತ್ತವೆ. ಆದುದರಿಂದ ಕಿಲೋಗ್ರಾಮುಗಳನ್ನೆಲ್ಲ ಗ್ರಾಮುಗಳೆಂದು ಓದಿಕೊಂಡರೆ ಸಾಕು. ಮೊದಲು ಮಾದರಿಯ ಒಟ್ಟು ತೂಕವನ್ನು ೧,೬೮೦ ಗ್ರಾಂ. ಮಾಡಿ, ಅದರಲ್ಲಿ ೬೩೦ ಗ್ರಾಂ. ತೂಕದ ಬಟ್ಟುಗಳನ್ನು ಮಧ್ಯದಿಂದ ೧೦ ಸೆಂ. ಮೀ. ಪಕ್ಕಕ್ಕೆ ಸರಿಸಬೇಕು. ಅನಂತರ ೬೦೦ ಗ್ರಾಮನ್ನು ಎತ್ತರದ ಮೇಲಂತಸ್ತಾಗಿ ಸೇರಿಸಿ, ೮೪೦ ಗ್ರಾಂ. ಬಟ್ಟುಗಳನ್ನು ಅಷ್ಟೇ ದೂರ ಸರಿಸಬೇಕು. ಮೊದಲನೆಯ ಸಲ ಮಾದರಿಯು ವಾಲಿ ನಿಲ್ಲುವುದನ್ನೂ ಎರಡನೆಯ ಸಲ ಬಟ್ಟುಗಳು ಪೂರ್ಣ ದೂರ ತಲಪುವ ಮೊದಲೇ ಅದು ಮಗುಚುವುದನ್ನೂ ವಿದ್ಯಾರ್ಥಿಗಳು ಕಣ್ಣಾರೆ ಕಾಣುವರು.

ತೊಟ್ಟಿಯಲ್ಲಿ ಮಗುಚಿದ ಹಲಗೆಯಿಂದ ಯಾರಿಗೂ ಹಾನಿಯಿಲ್ಲ. ದೋಣಿಗೆ ಹೊಸ ರೂಪವನ್ನು ಕೊಡಲು ಹೊರಟವನು ಮೊದಲು ಆ ತೊಟ್ಟಿಯ ಬಳಿ ಒಂದು ಗಂಟೆಯನ್ನು ಕಳೆದರೆ, ಸರೋವರದ ನಡುವೆ ತನ್ನ ಮನೆಯವರನ್ನು ಕೂರಿಸಿಕೊಂಡು ಅದೇ ಪಾಠವನ್ನು ಕಲಿಯಬೇಕಾದ ಸಂದರ್ಭ ಒದಗುವುದಿಲ್ಲ.