ಜಾಲದ ಸ್ವಿಚ್ಚುಗಳಲ್ಲಿ ಗುಪ್ತಪದಗಳ ರಕ್ಷಣೆ

ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಸಾಧನವೇ ಜಾಲದ ಸ್ವಿಚ್ಚು. ಅದರ ಆಡಳಿತವನ್ನು ಕೈವಶ ಮಾಡಿಕೊಂಡವನು ಆ ಯಂತ್ರಗಳ ಸಂಪರ್ಕವನ್ನು ಕಡಿಯಬಲ್ಲನು; ಅವುಗಳ ನಡುವೆ ಹರಿಯುವ ಮಾಹಿತಿಯ ನಕಲನ್ನು ತನ್ನೆಡೆಗೆ ತಿರುಗಿಸಿಕೊಳ್ಳಲೂ ಬಲ್ಲನು. ಆದುದರಿಂದ ಆಡಳಿತಗಾರನ ಗುಪ್ತಪದವು, ಎಂದರೆ ಪಾಸ್‌ವರ್ಡು, ಎಷ್ಟು ಅಕ್ಷರಗಳದಾಗಿರಬೇಕು, ಎಷ್ಟು ದಿನಗಳಿಗೊಮ್ಮೆ ಬದಲಾಗಬೇಕು ಎಂದು ಸಂಸ್ಥೆಗಳು ನಿಯಮ ಮಾಡುವುದುಂಟು. ಆದರೆ ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆ ಗುಪ್ತಪದವನ್ನು ಸ್ವಿಚ್ಚು ತನ್ನೊಳಗೆ ಯಾವ ರೂಪದಲ್ಲಿ ಬರೆದಿಟ್ಟುಕೊಂಡಿದೆ?

ಸ್ವಿಚ್ಚಿಗೆ ಕೊಟ್ಟ ಆದೇಶಗಳೆಲ್ಲ ಒಂದು ಕಡತದಲ್ಲಿರುತ್ತವೆ. ಗುಪ್ತಪದವೂ ಅಲ್ಲಿಯೇ ಇರುವುದು. ಈ ಕಡತದ ನಕಲುಗಳು ಬೇರೆ ಗಣಕಗಳಲ್ಲಿ ಕಾಯ್ದಿಡಲ್ಪಡುತ್ತವೆ. ದುರಸ್ತಿಗೆ ನೆರವಾಗುವವರ ಕೈಗೂ ಹೋಗುತ್ತವೆ. ಕಡತವನ್ನು ಕಂಡವರಿಗೆಲ್ಲ ಗುಪ್ತಪದವೂ ತಿಳಿಯುವಂತಿದ್ದರೆ ನಿಯಮಗಳಿಂದ ಪ್ರಯೋಜನವೇನು?

ಸಿಸ್ಕೊ ಸ್ವಿಚ್ಚುಗಳನ್ನು ನಿದರ್ಶನವಾಗಿ ನೋಡೋಣ. ಇವುಗಳಲ್ಲಿ ಗುಪ್ತಪದದ ರೂಪವನ್ನು ಅಂಕಿಯಿಂದ ಸೂಚಿಸುವರು. 0 ಎಂದರೆ ಇದ್ದ ಅಕ್ಷರಗಳೇ. 7 ಎಂಬುದು ವಿಜೆನೇರ್ ಪದ್ಧತಿಯನ್ನು ಹೋಲುವ ಗೂಢಲಿಪಿ. ಅದರ ಕೀಲಿಪದವು ಎಲ್ಲ ಸಾಧನಗಳಲ್ಲಿಯೂ ಒಂದೇ. ಅದು ಲೋಕಕ್ಕೆಲ್ಲ ತಿಳಿದುಹೋಗಿದೆ. ಆದಕಾರಣ ನಾಲ್ಕು ಅಕ್ಷರದ ಗುಪ್ತಪದವನ್ನಾಗಲಿ ಇಪ್ಪತ್ತು ಅಕ್ಷರದ್ದನ್ನಾಗಲಿ ಕ್ಷಣದಲ್ಲಿಯೇ ಓದಬಹುದು. ಉದ್ದದ ನಿಯಮ ಇಲ್ಲಿ ಸಂಪೂರ್ಣವಾಗಿ ವ್ಯರ್ಥ.

5ನೆಯ ರೂಪದ ಬಗೆ ಬೇರೆ. ಗುಪ್ತಪದಕ್ಕೆ ‘ಸಾಲ್ಟ್’ ಎಂಬ ಯಾದೃಚ್ಛಿಕ ಅಕ್ಷರಗಳನ್ನು ಸೇರಿಸಿ, ಎಂಡಿ5 ಎಂಬ ಗಣನೆಯನ್ನು ಸಾವಿರ ಬಾರಿ ನಡೆಸಿ, ಬಂದ ಫಲವನ್ನು ಮಾತ್ರ ಬರೆದಿಡುವರು. ಫಲದಿಂದ ಮೂಲಕ್ಕೆ ಹಿಂದಿರುಗುವ ದಾರಿಯಿಲ್ಲ. ಕಳ್ಳನು ಒಂದೊಂದು ಪದವನ್ನೂ ಊಹಿಸಿ ಪರೀಕ್ಷಿಸಬೇಕು. ಗುಪ್ತಪದದ ಉದ್ದಕ್ಕೆ ಬೆಲೆ ಬರುವುದು ಇಲ್ಲಿಯೇ. ಆದರೆ ಇಂದಿನ ಗಣಕಗಳ ವೇಗಕ್ಕೆ ಈ ಶ್ರಮ ಸಾಲದು. ಇದಕ್ಕೆ ಬದಲಾಗಿ ತಂದ 4ನೆಯ ರೂಪದಲ್ಲಿ ದೋಷವಿದ್ದುದು 2013ರಲ್ಲಿ ಬಯಲಾಯಿತು: ಸಾಲ್ಟ್ ಸೇರಿಸಿ ಸಾವಿರ ಬಾರಿ ನಡೆಯಬೇಕಾಗಿದ್ದ ಗಣನೆ, ಸಾಲ್ಟ್ ಇಲ್ಲದೆ ಒಂದೇ ಬಾರಿ ನಡೆಯುತ್ತಿತ್ತು. ಹೊಸದು ಹಳೆಯದಕ್ಕಿಂತ ದುರ್ಬಲವಾಗಿತ್ತು. 8ನೆಯ ರೂಪದಲ್ಲಿ ಎಸ್‌ಎಚ್‌ಎ-256 ಗಣನೆಯನ್ನು ಆಧರಿಸಿದ ಕ್ರಿಯೆಯು 20,000 ಬಾರಿ ನಡೆಯುತ್ತದೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು 2022ರಲ್ಲಿ ಇದನ್ನೇ ಶಿಫಾರಸು ಮಾಡಿತು.

ಹಾಗಾದರೆ ಹಿಂದಿರುಗಿಸಬಲ್ಲ ರೂಪವೇ ಬೇಡವೆ ಎಂದು ಕೇಳಬಹುದು. ಸ್ವಿಚ್ಚು ಬೇರೊಂದು ಯಂತ್ರಕ್ಕೆ ತನ್ನ ಗುರುತನ್ನು ತಾನೇ ತೋರಿಸಬೇಕಾದಲ್ಲಿ ಮೂಲಪದವು ಅದಕ್ಕೆ ಬೇಕು. ಅಂಥಲ್ಲಿ, ಆಡಳಿತಗಾರನೇ ಆರಿಸಿದ ಮುಖ್ಯ ಕೀಲಿಯಿಂದ ರಕ್ಷಿತವಾದ 6ನೆಯ ರೂಪವಿದೆ. ಅದು ಅನಿವಾರ್ಯವಾದೆಡೆಗೆ ಮಾತ್ರ ಸಲ್ಲತಕ್ಕದ್ದು.

ಇನ್ನು ಕಾಲಕಾಲಕ್ಕೆ ಬದಲಾಯಿಸುವ ನಿಯಮ. ಅಮೆರಿಕದ ಮಾನಕ ಸಂಸ್ಥೆಯು 2017ರಲ್ಲಿ, ಗುಪ್ತಪದ ಬಯಲಾದ ಸುಳಿವಿಲ್ಲದೆ ಬದಲಾವಣೆಯನ್ನು ಒತ್ತಾಯಿಸಬಾರದೆಂದು ಸೂಚಿಸಿತು. ಒತ್ತಾಯಕ್ಕೆ ಒಳಗಾದವರು ಹಳೆಯ ಪದದ ಕೊನೆಯ ಅಂಕಿಯೊಂದನ್ನು ತಿದ್ದಿ ಸುಮ್ಮನಾಗುವುದು ಸಹಜ. ಆದರೆ ಹಲವರು ಹಂಚಿಕೊಂಡ ಗುಪ್ತಪದವನ್ನು, ಅವರಲ್ಲೊಬ್ಬರು ಕೆಲಸ ಬಿಟ್ಟೊಡನೆಯೇ ಬದಲಾಯಿಸುವುದು ಅಗತ್ಯ. ಪ್ರತಿಯೊಬ್ಬರಿಗೂ ಪ್ರತ್ಯೇಕ ಗುಪ್ತಪದವಿರುವುದು ಇನ್ನೂ ಲೇಸು. ಯಾವ ಬದಲಾವಣೆಯನ್ನು ಯಾರು ಮಾಡಿದರೆಂಬುದು ಆಗಲೇ ತಿಳಿಯುವುದು.

ಇಷ್ಟರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ನಿಯಮವನ್ನು ಕಾಗದದ ಮೇಲೆ ಬರೆದ ಮಾತ್ರಕ್ಕೆ ರಕ್ಷಣೆ ದೊರೆಯದು; ಕಡತವನ್ನು ತೆರೆದು ಗುಪ್ತಪದದ ಮುಂದಿರುವ ಅಂಕಿಯನ್ನು ನೋಡಬೇಕು. ಅಲ್ಲಿ 7 ಕಂಡರೆ, ಉಳಿದ ನಿಯಮಗಳ ಚರ್ಚೆಗಿಂತ ಮೊದಲು ಅದನ್ನು ತಿದ್ದುವುದೇ ಮೊದಲ ಕರ್ತವ್ಯ.