ರಕ್ತದ ಒಲವನ್ನು ಗಳಿಸುವ ನಳಿಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಹೃದ್ರೋಗಿಗಳು ಮೈಸೂರಿನ ಜಯದೇವ ಆಸ್ಪತ್ರೆಯ ಮೆಟ್ಟಿಲೇರುವುದುಂಟು. ರೋಗಿಯ ರಕ್ತನಾಳದಲ್ಲಿ ದಿನಗಟ್ಟಲೆ ಪ್ಲಾಸ್ಟಿಕ್ ನಳಿಗೆಯನ್ನಿರಿಸಬೇಕಾದಾಗ ಹೊಸದೊಂದು ಆತಂಕ ತಲೆದೋರುತ್ತದೆ. ರಕ್ತವು ಆ ಪರಕೀಯ ವಸ್ತುವಿನ ಮೇಲೆ ಹೆಪ್ಪುಗಟ್ಟತೊಡಗುತ್ತದೆ. ತಡೆಯಲು ಹೆಪಾರಿನ್ ಕೊಟ್ಟರೆ ರಕ್ತಸ್ರಾವದ ಭಯ!

ಹಾಗಾದರೆ ನಮ್ಮ ರಕ್ತನಾಳಗಳಲ್ಲೇ ರಕ್ತವೇಕೆ ಹೆಪ್ಪುಗಟ್ಟದು? ಅವುಗಳ ಒಳಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಎಡೆಬಿಡದೆ ಸೂಸುತ್ತ, ಪ್ಲೇಟ್‌ಲೆಟ್ ಕಣಗಳು ಅಂಟದಂತೆ ಕಾಯುವುದೇ ಒಂದು ಮುಖ್ಯ ಕಾರಣ. ದೇಹದಲ್ಲಿ ಈ ಅನಿಲದ ಪಾತ್ರವನ್ನು ಕಂಡುಕೊಂಡ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಈ ಗುಣವನ್ನು ಪ್ಲಾಸ್ಟಿಕ್ಕಿಗೂ ಕಲಿಸಲು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಮಾರ್ಕ್ ಮೆಯರ್‌ಹಾಫ್ ಮತ್ತು ಸಂಗಡಿಗರು ಹೊರಟರು. ಅನಿಲವನ್ನು ಮೊದಲೇ ತುಂಬಿಟ್ಟರೆ ಅದು ಒಂದು ದಿನ ಬರಿದಾಗಲೇಬೇಕು. ಆದ್ದರಿಂದ ಅವರು ಪಾಲಿಮರ್‌ನಲ್ಲಿ ತಾಮ್ರವನ್ನು ನೆಲೆಗೊಳಿಸಿದರು. ರಕ್ತದಲ್ಲೇ ಇರುವ ನೈಟ್ರೊಸೊಥಯೋಲ್ ಸಂಯುಕ್ತಗಳು ತಾಮ್ರದ ಸಂಪರ್ಕದಿಂದ ಒಡೆದು ನೈಟ್ರಿಕ್ ಆಕ್ಸೈಡನ್ನು ಬಿಡುತ್ತವೆ. ರಕ್ತವೇ ತನ್ನ ಕಾವಲುಗಾರನನ್ನು ಒದಗಿಸಿಕೊಂಡಂತಾಯಿತು!

ಆದರೆ ಈ ಸಂಯುಕ್ತಗಳ ಪ್ರಮಾಣ ಎಲ್ಲರ ರಕ್ತದಲ್ಲೂ ಒಂದೇ ಸಮನಾಗಿರದು, ತೊಡಕಿರುವುದು ಅಲ್ಲಿಯೇ. ಅದು ಬಗೆಹರಿದ ದಿನ, ಆಸ್ಪತ್ರೆಯ ಮೊಗಸಾಲೆಯಲ್ಲಿ ಕಾದು ಕುಳಿತ ಮನೆಯವರ ಎದೆಯ ಭಾರವೂ ತುಸು ಇಳಿದೀತು.