ದುಧ್ವಾ ವನದ ಅರ್ಜನ್ ಸಿಂಗರು

ಅರಣ್ಯರಕ್ಷಣೆಯ ಕಾಯಿದೆಗಳು ರಾಜಧಾನಿಯಲ್ಲಿ ಹುಟ್ಟುತ್ತವೆ. ಆದರೆ ಅವುಗಳಿಗೆ ಪ್ರಾಣ ಬರುವುದು ಕಾಡಿನ ಅಂಚಿನಲ್ಲಿ. ಅಲ್ಲಿ ಹಗಲಿರುಳೂ ಎಚ್ಚತ್ತು ನಿಲ್ಲುವವರಿಲ್ಲದಿದ್ದರೆ ಕಾಯಿದೆಯು ಕಾಗದದಲ್ಲಿಯೇ ಉಳಿಯುವುದು. ಈ ಮಾತಿಗೆ ಉತ್ತರ ಪ್ರದೇಶದ ಖೇರಿ ಜಿಲ್ಲೆಯ ಕುಂವರ್ ಅರ್ಜನ್ ಸಿಂಗರ ಜೀವನವು ಉತ್ತಮ ನಿದರ್ಶನವಾಗಿದೆ.

ಕಪೂರ್ತಲಾ ರಾಜಮನೆತನಕ್ಕೆ ಸೇರಿದ ಇವರು 1917ನೆಯ ಇಸವಿ ಆಗಸ್ಟ್ 15ರಂದು ಗೋರಖಪುರದಲ್ಲಿ ಜನಿಸಿದರು. ಆ ಕಾಲದ ಸಿರಿವಂತರ ಮಕ್ಕಳಂತೆ ಎಳೆಯ ವಯಸ್ಸಿನಲ್ಲಿಯೇ ಬಂದೂಕು ಹಿಡಿದು ಹುಲಿ ಚಿರತೆಗಳನ್ನು ಬೇಟೆಯಾಡಿದರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯಸೇವೆ ಸಲ್ಲಿಸಿ, ಅನಂತರ ನೇಪಾಳದ ಗಡಿಗೆ ಸಮೀಪವಾದ ಪಲಿಯಾದಲ್ಲಿ ಬೇಸಾಯಕ್ಕೆ ತೊಡಗಿದರು. ಒಂದು ರಾತ್ರಿ ಜೀಪಿನ ದೀಪದ ಬೆಳಕಿನಲ್ಲಿ ಚಿರತೆಯೊಂದನ್ನು ಹೊಡೆದುರುಳಿಸಿದಾಗ, ಕಾಲಬಳಿ ಬಿದ್ದ ಆ ಪ್ರಾಣಿಯನ್ನು ಕಂಡು ಅವರ ಮನಸ್ಸು ಕಲಕಿತು. ವಿನೋದಕ್ಕಾಗಿ ಕೊಲ್ಲುವುದನ್ನು ಅವರು ತೊರೆದರು.

1959ರಲ್ಲಿ ಕಾಡಿನ ಅಂಚಿನ ಹೊಳೆಯ ದಡದಲ್ಲಿ ಮನೆಯೊಂದನ್ನು ಕಟ್ಟಿ, ಅದಕ್ಕೆ ‘ಟೈಗರ್ ಹೇವನ್’, ಎಂದರೆ ಹುಲಿಗಳ ಆಶ್ರಯ, ಎಂದು ಹೆಸರಿಟ್ಟರು. ಜೌಗುನೆಲದ ಬಾರಾಸಿಂಗ ಜಿಂಕೆಗಳಿಗಾಗಿಯೂ ಹುಲಿಗಳಿಗಾಗಿಯೂ ಅಧಿಕಾರಿಗಳೊಡನೆ ವರ್ಷಗಟ್ಟಲೆ ಹೋರಾಡಿದರು. ಪ್ರಧಾನಿ ಇಂದಿರಾ ಗಾಂಧಿಯವರ ಬೆಂಬಲವನ್ನೂ ಪಡೆದರು. 1977ರಲ್ಲಿ ದುಧ್ವಾ ರಾಷ್ಟ್ರೀಯ ಉದ್ಯಾನವಾಯಿತು. 1973ರಲ್ಲಿ ಆರಂಭವಾದ ಹುಲಿ ಯೋಜನೆಯಲ್ಲಿ ನಮ್ಮ ಬಂಡೀಪುರವು ಮೊದಲ ಒಂಬತ್ತು ವನಗಳಲ್ಲೊಂದಾಗಿತ್ತು. ದುಧ್ವಾ ಅದನ್ನು ಸೇರಿದುದು 1987ರಲ್ಲಿ.

ಅವರ ಅತ್ಯಂತ ಸಾಹಸದ ಪ್ರಯೋಗವೇ ಅತ್ಯಂತ ವಿವಾದಕ್ಕೂ ಗುರಿಯಾಯಿತು. 1976ರಲ್ಲಿ ಇಂಗ್ಲೆಂಡಿನ ಟ್ವೈಕ್ರಾಸ್ ಮೃಗಾಲಯದಿಂದ ‘ತಾರಾ’ ಎಂಬ ಹೆಣ್ಣುಮರಿಯನ್ನು ತರಿಸಿ, ಸಾಕಿ, 1978ರಲ್ಲಿ ಕಾಡಿಗೆ ಬಿಟ್ಟರು. ಅದೇ ಕಾಲದಲ್ಲಿ ದುಧ್ವಾದ ಸುತ್ತಮುತ್ತ ಹುಲಿಗಳಿಗೆ ಜನರು ಬಲಿಯಾಗತೊಡಗಿದರು. 1980ರಲ್ಲಿ ನರಭಕ್ಷಕ ಹೆಣ್ಣುಹುಲಿಯೊಂದನ್ನು ಕೊಂದ ಅಧಿಕಾರಿಗಳು ಅದೇ ತಾರಾ ಎಂದರು. ಅರ್ಜನ್ ಸಿಂಗರು ಒಪ್ಪಲಿಲ್ಲ. ತಾರಾಳಲ್ಲಿ ಸೈಬೀರಿಯದ ಹುಲಿಯ ರಕ್ತವೂ ಬೆರೆತಿತ್ತೆಂಬುದು ಮುಂದೆ ತಿಳಿದುಬಂದಿತು. ಪೂರ್ವಾಪರವನ್ನು ಪರೀಕ್ಷಿಸದೆ ಅನ್ಯ ವಂಶವನ್ನು ಕಾಡಿಗೆ ಸೇರಿಸಿದುದು ದೋಷವೆಂಬ ವಿಜ್ಞಾನಿಗಳ ಆಕ್ಷೇಪಣೆಯನ್ನು ನಾವು ತಳ್ಳಿಹಾಕಲಾರೆವು.

ಆದರೆ ಎಲ್ಲ ಸಾವುಗಳ ಹೊರೆಯನ್ನೂ ಒಂದು ಹುಲಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಸ್ವಾತಂತ್ರ್ಯಾನಂತರ ತರಾಯಿಯ ಹುಲ್ಲುಗಾವಲುಗಳು ಉಳುಮೆಗೆ ಒಳಗಾಗಿ ಕಬ್ಬಿನ ಗದ್ದೆಗಳು ಕಾಡನ್ನು ಮುಟ್ಟಿದುವು. ಆಳೆತ್ತರದ ಕಬ್ಬಿಗೂ ಹುಲ್ಲಿಗೂ ಹುಲಿಗೆ ಭೇದವೇನು? ಅದು ಅಲ್ಲಿಯೇ ಮಲಗುತ್ತದೆ, ಮರಿಹಾಕುತ್ತದೆ. ಕಬ್ಬು ಕಡಿಯಲು ಬಗ್ಗಿದ ಕೂಲಿಕಾರನು ಅದಕ್ಕೆ ಎದುರಾಗುತ್ತಾನೆ. ಅರ್ಜನ್ ಸಿಂಗರೂ ಆ ನೆಲವನ್ನು ಉತ್ತ ಬೇಸಾಯಗಾರರಲ್ಲೊಬ್ಬರೆಂಬುದನ್ನು ಮರೆಯಬಾರದು. ತಾವು ಹಿಂದೆ ಮಾಡಿದುದರ ಋಣವನ್ನು ತೀರಿಸಲೆಂದೇ ಅವರು ಅಲ್ಲಿ ನಿಂತರೆನ್ನಬಹುದು.

2006ರಲ್ಲಿ ಪದ್ಮಭೂಷಣದಿಂದ ಸಂಮಾನಿತರಾದ ಅವರು 2010ರ ಜನವರಿ 1ರಂದು, ತಮ್ಮ 92ನೆಯ ವಯಸ್ಸಿನಲ್ಲಿ, ಆ ವನದ ಅಂಚಿನಲ್ಲಿಯೇ ಕೊನೆಯುಸಿರೆಳೆದರು. ಅವರು ಕಾಯ್ದ ವನ ಉಳಿದಿದೆ. ಅವರ ಕಾಲದ ಪ್ರಶ್ನೆಯೂ ಉಳಿದಿದೆ. ಹುಲಿಯು ದೇಶದ ಸಂಪತ್ತಾದರೆ, ಅದನ್ನು ಉಳಿಸುವ ವೆಚ್ಚವನ್ನು ಕಾಡಂಚಿನ ಬಡ ಕೂಲಿಕಾರನೊಬ್ಬನೇ ತನ್ನ ಪ್ರಾಣದಿಂದ ತೆರುವುದು ಧರ್ಮವೇ? ಅವನಿಗೆ ರಕ್ಷಣೆಯೂ, ತಡವಿಲ್ಲದ ಪರಿಹಾರವೂ ದೊರೆತ ದಿನವೇ ಅರ್ಜನ್ ಸಿಂಗರ ಕಾರ್ಯವು ಪೂರ್ಣವಾಯಿತೆಂದು ಹೇಳಬಹುದು.